ಅಜ್ಜಿಮನೆಯ ಒಂದು ರಜೆಯನ್ನು ಬರೆದಿಡುವ ಬಗೆ: ಸಮಗ್ರ ಮಾರ್ಗದರ್ಶಿ

ಏಪ್ರಿಲ್ 10ಕ್ಕೆ ಪಾಸೋ ನಪಾಸೋ ಎಂದು ಗೊತ್ತಾದ ಮರುದಿನವೇ ಬಟ್ಟೆಯ ಚೀಲ ಹಿಡಿದು ಬಸ್ಸು ಹತ್ತಿ, ಶಾಲೆ ಮತ್ತೆ ತೆರೆಯುವ ಹಿಂದಿನ ದಿನದವರೆಗೂ ಅಜ್ಜಿಮನೆಯಲ್ಲೇ ಉಳಿದುಬಿಡುತ್ತಿದ್ದ ಮಕ್ಕಳು ಈಗ ನಲವತ್ತು, ಐವತ್ತು, ಅರವತ್ತು ದಾಟಿದ್ದಾರೆ. ಆ ಮನೆಗಳಲ್ಲಿ ಎಷ್ಟಕ್ಕೋ ಬೀಗ ಬಿದ್ದಿದೆ. ಕೆಲವು ಪಾಲಾಗಿ ಒಂದೇ ಸೂರಿನಡಿ ಎರಡು ಒಲೆ ಉರಿಯುತ್ತಿವೆ, ಕೆಲವು ಬೇರೆಯವರ ಕೈ ಸೇರಿವೆ. ಆ ರಜೆಯನ್ನು ಬರೆದಿಡಬೇಕೆಂಬ ಆಸೆ ಬಹಳ ಜನರಿಗಿದೆ. ಆದರೆ ಬರೆಯಲು ಕುಳಿತರೆ ‘ಆ ದಿನಗಳೇ ಚೆಂದ’ ಎಂಬ ಸಾಲಿನ ಮುಂದೆ ಲೇಖನಿ ಓಡುವುದಿಲ್ಲ. ನಾನೂ ಹಾಗೆ ಎರಡು ವರ್ಷ ನಿಂತಿದ್ದವನು. ಕೊನೆಗೆ ತೀರ್ಥಹಳ್ಳಿ ತಾಲ್ಲೂಕಿನ ನನ್ನ ತಾಯಿಯ ತವರಿನ ಬಗ್ಗೆ ಬರೆದು ಮುಗಿಸಿದಾಗ ತಿಳಿದುಕೊಂಡ ಕೆಲಸದ ಕ್ರಮವನ್ನು ಇಲ್ಲಿ ಕೊಡುತ್ತಿದ್ದೇನೆ. ಉದಾಹರಣೆಗಳು ಮಲೆನಾಡಿನವು. ಬಯಲುಸೀಮೆಯ ಕಣದಲ್ಲಿ, ಮಂಡ್ಯದ ಆಲೆಮನೆಯಲ್ಲಿ, ಕರಾವಳಿಯ ಗದ್ದೆಯಂಚಿನಲ್ಲಿ ರಜೆ ಕಳೆದವರು ತಮ್ಮ ತಮ್ಮ ಕೆಲಸಗಳನ್ನು ಅಲ್ಲಿ ಇಟ್ಟುಕೊಂಡು ಓದಬೇಕು.

ಇದಕ್ಕೆ ಬೇಕಾದ ಸಾಮಗ್ರಿ ತೀರಾ ಕಡಿಮೆ. ಇನ್ನೂರು ಪುಟದ ಒಂದು ನೋಟುಪುಸ್ತಕ, ಪೆನ್ಸಿಲು, ಧ್ವನಿ ಮುದ್ರಿಸಬಲ್ಲ ಫೋನು ಇದ್ದರೆ ಸಾಕು. ಸಮಯ ಮಾತ್ರ ಧಾರಾಳವಾಗಿ ಬೇಕು. ವಾರಕ್ಕೆ ಒಂದು ಸಂಜೆಯಂತೆ ಮೂರು ತಿಂಗಳು ಎಂದು ಲೆಕ್ಕ ಹಾಕಿಕೊಳ್ಳಿ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಮಾತ್ರ ಕೆಳಗಿನ ಕ್ರಮವನ್ನು ಪಕ್ಕಕ್ಕಿಟ್ಟು, ಈ ವಾರವೇ ಅವರ ಬಳಿ ಹೋಗಿ ಕುಳಿತುಕೊಳ್ಳಿ. ಉಳಿದ ಎಲ್ಲ ಹಂತಗಳೂ ಕಾಯುತ್ತವೆ.

ಮೊದಲ ಹಂತ: ಒಂದು ಕೆಲಸ, ಒಂದು ದಿನ

ಎಲ್ಲ ರಜೆಗಳ ಬಗ್ಗೆಯೂ ಬರೆಯಲು ಹೊರಡಬೇಡಿ. ಅಜ್ಜಿಮನೆಯಲ್ಲಿ ಎಲ್ಲರೂ ಸೇರಿ ಮಾಡುತ್ತಿದ್ದ ಕೆಲಸಗಳ ಪಟ್ಟಿಯೊಂದನ್ನು ಮೊದಲು ಬರೆಯಿರಿ: ಮಾವಿನ ಮಿಡಿ ಉಪ್ಪಿಗೆ ಹಾಕುವುದು, ಸೋಗೆ ಹೊದೆಸುವುದು, ಮಳೆಗಾಲಕ್ಕೆ ಸೌದೆ ಒಟ್ಟುವುದು, ದೀಪಾವಳಿಯ ನೀರು ತುಂಬುವ ಸಂಜೆ ಹಂಡೆ ತಿಕ್ಕುವುದು, ಹೀಗೆ. ಆಟಗಳನ್ನು ಈ ಪಟ್ಟಿಗೆ ಸೇರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆಟದಲ್ಲಿ ಮಕ್ಕಳು ಮಾತ್ರ ಇರುತ್ತಾರೆ. ಕೆಲಸದಲ್ಲಿ ಅಜ್ಜನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಎಲ್ಲರಿಗೂ ಒಂದೊಂದು ಜಾಗ ಇರುತ್ತದೆ, ಆ ಜಾಗವನ್ನು ಯಾರು ಯಾರಿಗೆ ಕೊಟ್ಟರು ಎಂಬುದರಲ್ಲಿ ಮನೆಯ ಸಂಬಂಧಗಳೆಲ್ಲ ಕಾಣುತ್ತವೆ. ನಮ್ಮ ಹಳ್ಳಿಮನೆಗಳಲ್ಲಿ ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ರೂಢಿಯೇ ಇರಲಿಲ್ಲ. ಬಿಸಿ ಬೆಲ್ಲದ ಮೊದಲ ಉಂಡೆ ಯಾರ ಕೈಗೆ ಬಂತು, ಬೆಂಕಿಯ ಪಕ್ಕದ ಮಣೆ ಯಾರಿಗೆ ಸಿಕ್ಕಿತು ಎನ್ನುವುದನ್ನು ಬರೆದರೆ ಅದು ತಾನಾಗಿ ಗೊತ್ತಾಗುತ್ತದೆ.

ಪಟ್ಟಿಯಿಂದ ಒಂದನ್ನು ಆರಿಸಿ. ನಾನು ಆರಿಸಿದ್ದು ಹಲಸಿನ ಹಪ್ಪಳ ಮಾಡುವ ದಿನವನ್ನು. ಈಗ ಆ ಕೆಲಸವನ್ನು, ಅದನ್ನು ಎಂದೂ ನೋಡದ ಒಬ್ಬ ಮೊಮ್ಮಗಳು ಓದಿ ಮಾಡಬಲ್ಲಷ್ಟು ವಿವರವಾಗಿ, ಮೊದಲಿನಿಂದ ಕೊನೆಯವರೆಗೆ ಬರೆಯಬೇಕು. ನೆನಪು ಭಾವದಿಂದ ಏಳುವುದಕ್ಕಿಂತ ಬೇಗ ಕೈಯಿಂದ ಏಳುತ್ತದೆ. ‘ರಜೆಯಲ್ಲಿ ಹಪ್ಪಳ ಮಾಡುತ್ತಿದ್ದೆವು’ ಎಂದು ಬರೆದು ನಿಲ್ಲಿಸಿದ್ದ ನಾನು, ಕೆಲಸದ ಕ್ರಮವನ್ನು ಹಿಡಿದು ಹೋದಾಗ ನೋಟುಪುಸ್ತಕದಲ್ಲಿ ಬಂದದ್ದು ಹೀಗಿದೆ:

‘ಬೆಳೆದಿರಬೇಕು, ಹಣ್ಣಾಗಿರಬಾರದು. ಅಂಥ ಐದು ಹಲಸಿನಕಾಯಿಗಳನ್ನು ಮಾವ ಹಿಂದಿನ ಸಂಜೆಯೇ ಹಗ್ಗ ಕಟ್ಟಿ ಇಳಿಸಿದ್ದರು. ಬೆಳಿಗ್ಗೆ ತಿಂಡಿಯಾದ ಮೇಲೆ ಹಿಂಬದಿಯ ಜಗುಲಿಯಲ್ಲಿ ಹಳೆಯ ಗೋಣಿಚೀಲ ಹಾಸಿ, ಮಾವ ಕತ್ತಿಗೆ ಕೊಬ್ಬರಿ ಎಣ್ಣೆ ಸವರಿ ಕಾಯಿಯನ್ನು ಸೀಳಿದರು. ಬಿಳಿ ಮೇಣ ಜಿನುಗಿತು. ಅದನ್ನು ಒರೆಸಿ ತೆಗೆಯಲು ಒಣಹುಲ್ಲಿನ ಸಿಂಬೆಯೊಂದು ನನ್ನ ಕೈಯಲ್ಲಿತ್ತು. ನಮ್ಮೆಲ್ಲರ ಅಂಗೈಗೂ ಅಜ್ಜಿಯೇ ಎಣ್ಣೆ ಹಚ್ಚಿದಳು, ಒಬ್ಬೊಬ್ಬರ ಬೆರಳ ಸಂದಿಯನ್ನೂ ಬಿಡದೆ. ತೊಳೆ ಬಿಡಿಸಿ, ಬೇಳೆಯನ್ನು ಒಂದು ಬುಟ್ಟಿಗೆ, ಸಾರೆಯನ್ನು ದನದ ಬಾನಿಗೆ ಹಾಕುವುದು ಮಕ್ಕಳ ಪಾಲು. ತೊಳೆ ಹಬೆಯಲ್ಲಿ ಬೆಂದು ಬಂದದ್ದೇ ಆರಲು ಬಿಡದೆ ಒರಳಿಗೆ ಸುರಿದರು. ಅತ್ತೆ ಮತ್ತು ದೊಡ್ಡಮ್ಮ ಎದುರುಬದುರು ನಿಂತು ಒನಕೆ ಹಾಕಿದರು, ಒಬ್ಬರದು ಏಳುವಾಗ ಇನ್ನೊಬ್ಬರದು ಇಳಿಯುವ ಹಾಗೆ. ಉಪ್ಪು, ಒಣಮೆಣಸು, ಜೀರಿಗೆ ಬಿದ್ದು ಹಿಟ್ಟು ಹದಕ್ಕೆ ಬಂದಾಗ ಅಜ್ಜಿ ಒಂದು ಮುಷ್ಟಿ ತೆಗೆದು, ನಡುವೆ ಗುಳಿ ಮಾಡಿ, ಕೊಬ್ಬರಿ ಎಣ್ಣೆ ಹನಿಸಿ, ಜ್ವರ ಬಂದು ಒಳಕೋಣೆಯಲ್ಲಿ ಮಲಗಿದ್ದ ಚಿಕ್ಕಮ್ಮನ ಮಗಳಿಗೆ ಮೊದಲು ಕಳುಹಿಸಿದಳು. ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟುವವಳು ಅಮ್ಮ. ಎಣ್ಣೆ ಸವರಿದ ಬಾಳೆಲೆಯ ನಡುವೆ ಇಟ್ಟು ಮಣೆಯಿಂದ ಒತ್ತುವುದು ಚಿಕ್ಕಮ್ಮ. ಒತ್ತಿದ್ದನ್ನು ಹರಿಯದಂತೆ ಎತ್ತಿ ಅಂಗಳದ ಚಾಪೆಯ ಮೇಲೆ ಹಾಸಲು ಹನ್ನೆರಡು ತುಂಬಿದವರಿಗೆ ಮಾತ್ರ ಅಪ್ಪಣೆ. ನನಗೆ ಹತ್ತು ವರ್ಷ, ಆದ್ದರಿಂದ ಕೋಲು ಹಿಡಿದು ಕಾಗೆ ಕಾಯುವ ಕೆಲಸ.’

ಹನ್ನೆರಡು ತುಂಬಿರಬೇಕು ಎಂಬ ಕಟ್ಟಳೆ ನನಗೆ ಮರೆತೇಹೋಗಿತ್ತು. ಅದು ಹೊಳೆದದ್ದು ಬಾಳೆಲೆಯಿಂದ ಹಪ್ಪಳ ಬಿಡಿಸುವ ಕೈಯ ಚಲನೆಯನ್ನು ಬರೆಯುತ್ತಿದ್ದಾಗ. ಅದರ ಬೆನ್ನಿಗೇ, ಹನ್ನೆರಡು ತುಂಬಿದ ವರ್ಷ ದೊಡ್ಡಮ್ಮನ ಮಗ ನನ್ನ ಕೈಯಿಂದ ಕೋಲನ್ನು ತೆಗೆದು ತನ್ನ ತಮ್ಮನಿಗೆ ಕೊಟ್ಟು ‘ಬಾ, ಈಚೆ ಕೂತ್ಕೋ’ ಎಂದದ್ದು ನೆನಪಾಯಿತು.

ಎರಡನೆಯ ಹಂತ: ಯಾರು ಯಾರಿಗೆ ಏನು, ಯಾರನ್ನು ಏನೆಂದು ಕರೆಯುತ್ತಿದ್ದರು

ವಂಶವೃಕ್ಷದ ಚಿತ್ರ ಬರೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಅದರ ಜೊತೆಗೆ ಇನ್ನೊಂದು ಪಟ್ಟಿ ಬೇಕು. ಪ್ರತಿಯೊಬ್ಬರ ಹೆಸರಿನ ಎದುರು ಮಕ್ಕಳು ಅವರನ್ನು ಕರೆಯುತ್ತಿದ್ದ ಹೆಸರನ್ನು ಬರೆಯಿರಿ: ಹೊಳೆಮನೆ ಅತ್ತೆ, ಕೆಳಮನೆ ದೊಡ್ಡಪ್ಪ, ಸಣ್ಣಜ್ಜಿ, ಪೇಟೆ ಚಿಕ್ಕಮ್ಮ. ಈ ಕರೆಯುವ ಹೆಸರುಗಳಲ್ಲಿ ಮನೆಗಳ ದಿಕ್ಕು, ಹೊಳೆ, ಗದ್ದೆಯ ಎತ್ತರ ತಗ್ಗು ಎಲ್ಲವೂ ಸೇರಿಕೊಂಡಿರುತ್ತದೆ. ಸೋದರಮಾವನ ಹೆಂಡತಿಯೂ ಅತ್ತೆ, ತಂದೆಯ ತಂಗಿಯೂ ಅತ್ತೆ ಆಗಿರುವ ನಮ್ಮ ಭಾಷೆಯಲ್ಲಿ ಬರೀ ‘ಅತ್ತೆ’ ಎಂದು ಬರೆದರೆ ಮುಂದಿನ ತಲೆಮಾರಿಗೆ ಯಾರೆಂದೇ ತಿಳಿಯುವುದಿಲ್ಲ. ಆದ್ದರಿಂದ ಕಥೆಯಲ್ಲಿ ಮೊದಲ ಸಲ ಬರುವಾಗ ‘ದೊಡ್ಡ ಮಾವನ ಹೆಂಡತಿ, ನಮ್ಮ ಅತ್ತೆ’ ಎಂದು ಸ್ಪಷ್ಟಪಡಿಸಿ, ಅನಂತರ ಬರೀ ಅತ್ತೆ ಎನ್ನಿ.

ಈ ಪಟ್ಟಿ ಮಾಡುವಾಗ ಒಂದು ಕಡೆ ಲೇಖನಿ ನಿಲ್ಲುವ ಸಾಧ್ಯತೆ ಇದೆ. ಅಜ್ಜಿಯ ಹೆಸರೇನು? ಎರಡು ತಿಂಗಳ ರಜೆಯನ್ನು ಅವಳ ಸೆರಗಿನ ಹಿಂದೆ ಕಳೆದ ಎಷ್ಟೋ ಮಕ್ಕಳಿಗೆ ಅದು ಗೊತ್ತಿರುವುದಿಲ್ಲ. ನನಗೆ ಗೊತ್ತಾದದ್ದು ಹಳೆಯ ಪಡಿತರ ಚೀಟಿಯಿಂದ. ಮದುವೆಯಲ್ಲಿ ಗಂಡನ ಮನೆಯವರು ಹೆಸರು ಬದಲಿಸುವ ಪದ್ಧತಿ ಇದ್ದ ಮನೆತನಗಳಲ್ಲಿ ತವರಿನ ಹೆಸರು ಬೇರೆಯೇ ಇರುತ್ತದೆ. ಅವಳ ತಮ್ಮ ತಂಗಿಯರ ಮಕ್ಕಳನ್ನು ಕೇಳಿ ಅದನ್ನೂ ಬರೆದಿಡಿ. ನನ್ನ ಅಜ್ಜಿಯ ತವರಿನ ಹೆಸರನ್ನು ಹೇಳಬಲ್ಲವರು ಈಗ ಒಬ್ಬರೇ ಉಳಿದಿದ್ದರು. ಅವರನ್ನು ಕೇಳಲು ನಾನು ಮಾಡಿದ್ದು ಒಂದೂವರೆ ಗಂಟೆಯ ಪ್ರಯಾಣ, ಅದನ್ನು ಮೂವತ್ತು ವರ್ಷ ತಡಮಾಡಿದ್ದೆ.

ಮೂರನೆಯ ಹಂತ: ಕೇಳುವುದು

‘ನಿಮ್ಮ ಕಾಲದಲ್ಲಿ ಹೇಗಿತ್ತು ಹೇಳಿ’ ಎಂದು ಕೇಳಿದರೆ ಹಿರಿಯರು ‘ಹೇಗಿತ್ತು ಅಂದ್ರೆ, ಇತ್ತು’ ಎಂದು ಸುಮ್ಮನಾಗುತ್ತಾರೆ. ಅಷ್ಟು ದೊಡ್ಡ ಪ್ರಶ್ನೆಗೆ ಯಾರಿಂದಲೂ ಉತ್ತರ ಬರುವುದಿಲ್ಲ. ಕೈಗೆ ಸಿಗುವ ವಸ್ತುವೊಂದನ್ನು ಮುಂದಿಟ್ಟುಕೊಂಡು ಕೇಳಿ. ಹಳೆಯ ಹಿತ್ತಾಳೆ ತಂಬಿಗೆ, ಅಳೆಯುವ ಸೇರು, ಮಸುಕಾದ ಒಂದು ಫೋಟೋ, ಏನೂ ಸಿಗದಿದ್ದರೆ ಒಂದು ಹಲಸಿನಕಾಯಿಯೇ ಆಗಲಿ. ಅವರು ಏನಾದರೂ ಕೆಲಸ ಮಾಡುತ್ತಿರುವಾಗ, ಅವರ ಜೊತೆ ನೀವೂ ಕೈಹಾಕಿ ಕೇಳಿದರೆ ಇನ್ನೂ ಒಳ್ಳೆಯದು. ತೊಗರಿ ಆರಿಸುವಾಗ, ಹೂ ಕಟ್ಟುವಾಗ ಬರುವ ಮಾತು ಕುರ್ಚಿಯಲ್ಲಿ ಕೂರಿಸಿ ಫೋನು ಹಿಡಿದರೆ ಬರುವುದಿಲ್ಲ. ಮುದ್ರಿಸುವುದಾದರೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಐವತ್ತು ನಿಮಿಷ ಮೀರಿದರೆ ಅವರಿಗೆ ದಣಿವಾಗುತ್ತದೆ, ನಿಲ್ಲಿಸಿ ಇನ್ನೊಂದು ದಿನ ಹೋಗಿ.

ಪ್ರಶ್ನೆಗಳು ಚಿಕ್ಕದಾಗಿರಲಿ, ಒಂದಕ್ಕೆ ಒಂದೇ ಉತ್ತರ ಬರುವಂತಿರಲಿ. ಎಷ್ಟು ಹಪ್ಪಳ ಆಗುತ್ತಿತ್ತು? ಯಾವ ಡಬ್ಬಿಯಲ್ಲಿ ಇಡುತ್ತಿದ್ದಿರಿ? ಯಾರ ಪಾಲಿಗೆ ಎಷ್ಟು ಕಟ್ಟು? ಮಕ್ಕಳೆಲ್ಲ ರಾತ್ರಿ ಯಾವ ಸಾಲಿನಲ್ಲಿ ಮಲಗುತ್ತಿದ್ದೆವು, ಗೋಡೆಯ ಪಕ್ಕ ಯಾರು? ಎಷ್ಟು ಗಂಡಸರು ಉಂಡ ಮೇಲೆ ಹೆಂಗಸರು ಎಲೆ ಹಾಕಿಕೊಳ್ಳುತ್ತಿದ್ದಿರಿ? ಇಂಥ ಪ್ರಶ್ನೆಗೆ ಉತ್ತರ ಕೊಡುವಾಗ ಅವರು ಮಧ್ಯದಲ್ಲಿ ತಡೆದು ‘ಅವತ್ತು ಮಾತ್ರ...’ ಎಂದು ಶುರುಮಾಡಿದರೆ, ಆಗ ಬಾಯಿ ಮುಚ್ಚಿ ಕೂರಬೇಕು. ಅದೇ ನೀವು ಹುಡುಕಿಕೊಂಡು ಬಂದದ್ದು. ಅವರು ಮೌನವಾದರೆ ಆ ಮೌನವನ್ನು ಕೂಡಲೇ ಇನ್ನೊಂದು ಪ್ರಶ್ನೆಯಿಂದ ತುಂಬಬೇಡಿ.

ಒಂದೇ ಘಟನೆಯನ್ನು ಕನಿಷ್ಠ ಮೂವರ ಬಳಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳದೆ ಕೇಳಬೇಕು. ಉತ್ತರಗಳು ಹೊಂದುವುದಿಲ್ಲ. ನಾನು ದೊಡ್ಡಮ್ಮನ ಬಳಿ ‘ಒನಕೆ ಹಾಕುತ್ತಿದ್ದದ್ದು ನೀವು ಮತ್ತು ಅತ್ತೆ ಅಲ್ಲವೇ’ ಎಂದಾಗ ಅವರು, ‘ಎಂತ ಹೇಳ್ತೀಯ ಮಾರಾಯ, ನಂಗೆ ಆ ವರ್ಷ ಸೊಂಟ ಹಿಡ್ಕೊಂಡಿತ್ತು. ಹಾಕಿದ್ದು ನಿಮ್ಮಮ್ಮ’ ಎಂದರು. ಅಮ್ಮ ತಾನು ಉಂಡೆ ಕಟ್ಟುತ್ತಿದ್ದೆ ಎಂದೇ ಹೇಳುತ್ತಾಳೆ. ಹೀಗಾದಾಗ ಯಾರು ಸರಿ ಎಂದು ತೀರ್ಮಾನ ಕೊಡಲು ಹೋಗದೆ ಎರಡನ್ನೂ ಬರೆಯಿರಿ, ಯಾವ ಮಾತು ಯಾರದೆಂದು ಹೆಸರು ಹಾಕಿ. ಅಕ್ಕನ ಸೊಂಟನೋವನ್ನು ತಂಗಿ ಮರೆತು, ತಂಗಿಯ ಶ್ರಮವನ್ನು ಅಕ್ಕ ನೆನಪಿಟ್ಟುಕೊಂಡ ಈ ವ್ಯತ್ಯಾಸ, ಒನಕೆ ಯಾರ ಕೈಯಲ್ಲಿತ್ತು ಎಂಬುದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ನಿಮ್ಮ ವಿವರಣೆ ಶಿಷ್ಟ ಕನ್ನಡದಲ್ಲಿರಲಿ, ಅವರ ಮಾತು ಅವರು ಆಡಿದ ಹಾಗೆಯೇ ಇರಲಿ. ಪರದೇಶದಲ್ಲಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಫೋನಿನಲ್ಲಿ ಕೇಳಿ ಮುದ್ರಿಸಬಹುದು, ಆದರೆ ಎದುರಿಗೆ ಒಬ್ಬರಾದರೂ ಕುಳಿತಿದ್ದರೆ ಮಾತು ಬೇರೆಯಾಗಿ ಬರುತ್ತದೆ. ಮುದ್ರಿಸಿದ ದಿನವೇ ಅದನ್ನು ಇನ್ನೊಂದು ಕಡೆಗೆ ನಕಲು ಮಾಡಿ. ನನ್ನ ಹಿರಿಯ ಮಾವನ ಎರಡು ಗಂಟೆಯ ಮಾತು ಫೋನು ಕೆಟ್ಟ ದಿನ ಹೋಯಿತು. ಅವರು ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು.

ನಾಲ್ಕನೆಯ ಹಂತ: ವರ್ಷ ಹಿಡಿಯುವುದು

ಹಿರಿಯರು ಇಸವಿ ಹೇಳುವುದು ಅಪರೂಪ. ಸಂವತ್ಸರ, ಮಳೆ, ಜಾತ್ರೆ, ಮದುವೆ ಇವುಗಳಿಂದಲೇ ಅವರು ಕಾಲವನ್ನು ಗುರುತಿಸುತ್ತಾರೆ, ಅದನ್ನು ಇಸವಿಗೆ ತರುವುದು ಕಷ್ಟವೇನಲ್ಲ. ಸಂವತ್ಸರಗಳು 60, ಅವು ಯುಗಾದಿಯಿಂದ ಯುಗಾದಿಗೆ ಬದಲಾಗುತ್ತವೆ. 1987ರ ಯುಗಾದಿಗೆ ಪ್ರಭವ ಸಂವತ್ಸರ ಹುಟ್ಟಿತು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಅಕ್ಷಯ 1986, ಕ್ರೋಧನ 1985, ರಕ್ತಾಕ್ಷಿ 1984. ‘ಸಿದ್ಧಾರ್ಥಿಯಲ್ಲಿ ನಿನ್ನ ಚಿಕ್ಕಮ್ಮನ ಮದುವೆ’ ಎಂದು ದೊಡ್ಡಮ್ಮ ಹೇಳಿದಾಗ ಅದು 1979ರ ಬೇಸಿಗೆ ಎಂದು ನಾನು ಗುರುತಿಸಿದ್ದು ಹೀಗೆಯೇ. ಅದೇ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ ಅಜ್ಜನ ಕಾಲದ ಕಥೆಯಾದರೆ 60 ಕಳೆಯಬೇಕು.

ಮಳೆ ಇನ್ನೂ ನಿಖರವಾದ ಗುರುತು. ವರ್ಷದ 27 ಮಳೆ ನಕ್ಷತ್ರಗಳಲ್ಲಿ ಒಂದೊಂದಕ್ಕೆ ಸುಮಾರು ಹದಿಮೂರು ಹದಿನಾಲ್ಕು ದಿನ. ಅಶ್ವಿನಿ ಏಪ್ರಿಲ್ ನಡುವಿನಲ್ಲಿ, ಭರಣಿ ಏಪ್ರಿಲ್ ಕೊನೆಯಿಂದ, ಕೃತ್ತಿಕೆ ಮೇ ಎರಡನೆಯ ವಾರದಿಂದ, ರೋಹಿಣಿ ಮೇ 25ರ ಆಸುಪಾಸಿನಿಂದ ಹಿಡಿಯುತ್ತದೆ. ಅಂದರೆ ನಮ್ಮ ಬೇಸಿಗೆ ರಜೆ ಸರಿಯಾಗಿ ಈ ನಾಲ್ಕು ಮಳೆಗಳ ಅವಧಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಗದ್ದೆಯವರು ಕಾಯುತ್ತಿದ್ದ ಅದೇ ಮಳೆಗೆ ಅಂಗಳದ ಹಪ್ಪಳದ ಚಾಪೆಗಳನ್ನು ಮಕ್ಕಳು ಅಳುಮೋರೆಯಿಂದ ಒಳಗೆ ಎಳೆದಿರುತ್ತಾರೆ. ‘ಹಪ್ಪಳ ನೆನೆದ ವರ್ಷ ಭರಣಿ ಜೋರಾಗಿತ್ತು’ ಎಂಬ ಒಂದು ಮಾತಿನಿಂದ ತಿಂಗಳೂ ವಾರವೂ ಸಿಕ್ಕಿಬಿಡುತ್ತದೆ.

ಕಾಗದಗಳೂ ಸಾಕ್ಷಿ ಹೇಳುತ್ತವೆ. ರಜೆಗೆ ಮಕ್ಕಳನ್ನು ಕಳುಹಿಸಿಕೊಡಿ ಎಂದು ಅಜ್ಜ ಬರೆದ ಕಾರ್ಡಿನ ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ವಿಳಾಸದ ಕೊನೆಯಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಬಹುಶಃ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಹಳೆಯ ಅಭ್ಯಾಸದಿಂದ ಬಳಿಕವೂ ಹಾಗೆ ಬರೆದವರಿದ್ದಾರೆ, ಆದ್ದರಿಂದ ಅಂಚೆ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿ. ಹಣದ ಮಾತು ಬಂದಾಗ ಮಾತ್ರ ಎಚ್ಚರ ಬೇಕು. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂದರೂ ಇಪ್ಪತ್ತೈದು ಪೈಸೆಗೆ ನಾಲ್ಕಾಣೆ, ಐವತ್ತು ಪೈಸೆಗೆ ಎಂಟಾಣೆ ಎನ್ನುವ ಮಾತು ಅದರ ಅನಂತರವೂ ಎಷ್ಟೋ ವರ್ಷ ನಮ್ಮ ಬಾಯಲ್ಲಿತ್ತು. ಇಪ್ಪತ್ತೈದು ಪೈಸೆ ಚಲಾವಣೆಯಿಂದ ಹೋದದ್ದು 2011ರ ಜೂನ್ 30ಕ್ಕೆ. ಹಾಗಾಗಿ ಜಾತ್ರೆಯ ಖರ್ಚಿಗೆ ಅಜ್ಜ ಕೊಟ್ಟ ನಾಲ್ಕಾಣೆ ಯಾವ ದಶಕದ್ದೂ ಆಗಿರಬಹುದು. ಜಾತ್ರೆ ಯಾವುದು ಎಂದು ಕೇಳಿದರೆ ದಾರಿ ಸಿಗುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಶಾಲಾ ದಾಖಲೆಯಲ್ಲಿರುವ ಜನ್ಮದಿನಾಂಕವನ್ನು ಮಾತ್ರ ಹಾಗೆಯೇ ನಂಬಬಾರದು. ಸೇರಿಸುವ ದಿನ ಮೇಷ್ಟರು ಲೆಕ್ಕ ಸರಿಹೊಂದಿಸಿ ಬರೆದ ತಾರೀಕುಗಳು ಹಳ್ಳಿಗಳಲ್ಲಿ ಬಹಳ.

ಐದನೆಯ ಹಂತ: ಮಗುವಿನ ಕಣ್ಣಿಗೆ ಬೀಳದಿದ್ದದ್ದು

ಈ ಹಂತವನ್ನು ಬಿಟ್ಟು ಬರೆದ ನೆನಪುಗಳೇ ಹೆಚ್ಚು, ಅದಕ್ಕಾಗಿಯೇ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆನಿಸುತ್ತದೆ. ಅಜ್ಜಿಮನೆ ಎಂದರೆ ನಮ್ಮ ಅಮ್ಮನಿಗೆ ತವರು. ಅದೇ ಮನೆ ಮಾವನ ಹೆಂಡತಿಗೆ ಗಂಡನ ಮನೆ. ನಾಲ್ವರು ನಾದಿನಿಯರು ಹದಿಮೂರು ಮಕ್ಕಳೊಂದಿಗೆ ಬಂದಿಳಿಯುವ ಏಪ್ರಿಲ್, ಮೇ ತಿಂಗಳು ಅಮ್ಮನಿಗೆ ವರ್ಷದ ವಿಶ್ರಾಂತಿ, ಅತ್ತೆಗೆ ವರ್ಷದ ಅತ್ಯಂತ ಭಾರದ ಕಾಲ. ಹಾಗಾದರೆ ಅತ್ತೆ ತನ್ನ ತವರಿಗೆ ಹೋಗುತ್ತಿದ್ದದ್ದು ಯಾವಾಗ? ಅವಳ ಮಕ್ಕಳಿಗೆ ಅಜ್ಜಿಮನೆಯ ರಜೆ ಸಿಕ್ಕಿತೇ? ನಾನು ಇದನ್ನು ಕೇಳಿದಾಗ ಅತ್ತೆಗೆ ಎಪ್ಪತ್ತಾರು ವರ್ಷ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನವರಾತ್ರೀಲಿ ಎಂಟು ದಿನ ಹೋಗ್ತಿದ್ದೆ. ಒಂದೊಂದು ವರ್ಷ ಅದೂ ಇಲ್ಲ. ಆದ್ರೆ ನೀವೆಲ್ಲ ಹೋದ ಮಾರನೇ ದಿನ ಮನೆ ಬಿಕೋ ಅನ್ನೋದು, ಅದು ನಂಗೆ ಆಗ್ತಿರಲಿಲ್ಲ’ ಎಂದರು. ಎರಡೂ ಮಾತು ನಿಜ. ಕಥೆಯಲ್ಲಿ ಎರಡೂ ಒಟ್ಟಿಗೆ ಇರಬೇಕು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಬರೆದರೆ ಅವರಿಗೆ ಮಾಡುವ ಅನ್ಯಾಯವಾಗುತ್ತದೆ.

ಹಾಗೆಯೇ, ಹಲಸಿನ ಮರ ಹತ್ತಿದವರು, ಸೌದೆ ಸೀಳಿದವರು, ಕೊಟ್ಟಿಗೆಯ ಗೊಬ್ಬರ ತೆಗೆದವರು ಎಲ್ಲರೂ ಮನೆಯವರೇ ಆಗಿದ್ದರೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಗೇಣಿಯ ಜಮೀನಿದ್ದ ಮನೆಗಳಾದರೆ 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಆ ಮನೆಯ ಊಟದ ಪಂಕ್ತಿಯವರೆಗೂ ಬದಲಾವಣೆ ತಂದಿರುತ್ತದೆ. ಒಡೆಯರ ಮನೆಯಲ್ಲಿ ಅದು ಕಳೆದುಕೊಂಡ ವರ್ಷವಾದರೆ, ಗೇಣಿದಾರರ ಮನೆಯಲ್ಲಿ ಅದು ಮಕ್ಕಳಿಗೆ ಸ್ವಂತ ಗದ್ದೆಯನ್ನು ತೋರಿಸಿದ ಮೊದಲ ರಜೆ. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ಸಾಗರ ಸೀಮೆಯಲ್ಲಿ ಈ ನೆನಪು ಇನ್ನೂ ಹಿಂದಕ್ಕೆ ಹೋಗುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅಜ್ಜಿಮನೆಯೇ ಮುಳುಗಿಹೋದ ಕುಟುಂಬಗಳಿಗಂತೂ ರಜೆಯ ಕಥೆ ಆ ವರ್ಷದಲ್ಲಿ ಎರಡು ತುಂಡಾಗುತ್ತದೆ. ಇಂಥ ಸಂಗತಿಗಳು ಇದ್ದರೆ ಒಂದು ಪುಟವನ್ನಾದರೂ ಅವಕ್ಕೆ ಕೊಡಿ. ಆಗ ಮಗುವಾಗಿದ್ದ ನಿಮಗೆ ಇದು ಗೊತ್ತಿರಲಿಲ್ಲ ಎಂಬುದನ್ನೂ ಅದೇ ಪುಟದಲ್ಲಿ ಹೇಳಿ.

ಆರನೆಯ ಹಂತ: ಬರೆಯುವುದು

ಈಗ ನಿಮ್ಮ ಬಳಿ ಮೂವತ್ತು ನಲವತ್ತು ಪುಟ ಟಿಪ್ಪಣಿ ಇರುತ್ತದೆ. ಅದರಿಂದ ಒಂದು ದಿನದ ಕಥೆಯನ್ನು ಎಂಟುನೂರರಿಂದ ಸಾವಿರ ಪದಗಳಲ್ಲಿ ಬರೆಯಿರಿ. ಇಲ್ಲಿ ನಮ್ಮ ಕ್ರಿಯಾಪದಗಳ ಕಡೆ ಗಮನ ಕೊಡಬೇಕು. ನೆನಪಿನ ಬರಹದಲ್ಲಿ ‘ಮಾಡುತ್ತಿದ್ದೆವು, ಹೋಗುತ್ತಿದ್ದೆವು, ತಿನ್ನುತ್ತಿದ್ದೆವು’ ಎಂಬ ರೂಪ ತಾನಾಗಿ ಬಂದು ಕೂರುತ್ತದೆ. ಅದು ಎಲ್ಲ ದಿನಗಳನ್ನೂ ಕಲಸಿ ಒಂದೇ ಬಣ್ಣ ಮಾಡಿಬಿಡುತ್ತದೆ. ರೂಢಿ ಏನಿತ್ತೆಂದು ಹೇಳಲು ಆರಂಭದ ಒಂದು ಪ್ಯಾರಾದಲ್ಲಿ ಅದನ್ನು ಬಳಸಿ, ಅನಂತರ ‘ಒತ್ತಿದಳು, ಕೊಟ್ಟಳು, ಓಡಿದೆ’ ಎಂಬ ಭೂತಕಾಲಕ್ಕೆ ಇಳಿಯಿರಿ. ‘ಅಜ್ಜಿ ಎಣ್ಣೆ ಹಚ್ಚುತ್ತಿದ್ದಳು’ ಎಂಬುದನ್ನು ‘ಅಜ್ಜಿ ಎಣ್ಣೆ ಹಚ್ಚಿದಳು’ ಎಂದು ತಿದ್ದಿದ ಮರುಕ್ಷಣವೇ ಯಾವ ಕೈಗೆ, ಎಲ್ಲಿ ಕುಳಿತು ಎಂದು ಹೇಳದೆ ಮುಂದೆ ಹೋಗಲಾಗುವುದಿಲ್ಲ.

‘ಮರೆಯಲಾಗದ’, ‘ಸುವರ್ಣ ದಿನಗಳು’, ‘ಮುಗ್ಧ ಬಾಲ್ಯ’ ಎಂಬ ಪದಗಳು ಕಂಡಲ್ಲೆಲ್ಲ ಹೊಡೆದುಹಾಕಿ, ಆ ಜಾಗದಲ್ಲಿ ಏನು ನಡೆಯಿತೆಂದು ಬರೆಯಿರಿ. ಇಂದಿನ ಮಕ್ಕಳಿಗೆ ಇದೆಲ್ಲ ಇಲ್ಲ ಎಂಬ ದೂರಿನ ಸಾಲನ್ನೂ ತೆಗೆಯಿರಿ. ಇದನ್ನು ಓದಬೇಕಾದವರೇ ಆ ಮಕ್ಕಳು. ವಸ್ತುಗಳ ಹೆಸರುಗಳನ್ನು ಮಾತ್ರ ಬಿಡಬೇಡಿ. ತೊಳೆ, ಸಾರೆ, ಬಾನಿ, ಒರಳು ಎಂಬ ಮಾತುಗಳು ಎಲ್ಲಿ ಮೊದಲು ಬರುತ್ತವೆಯೋ ಅಲ್ಲೇ, ಏನೆಂದು ಗೊತ್ತಾಗುವ ಹಾಗೆ ಅವನ್ನು ಕೆಲಸಕ್ಕೆ ಹಚ್ಚಿ. ಕೊನೆಯಲ್ಲಿ ಅರ್ಥಕೋಶ ಕೊಟ್ಟರೆ ಯಾರೂ ನೋಡುವುದಿಲ್ಲ.

ಏಳನೆಯ ಹಂತ: ಉಳಿಸುವುದು

ಬೆರಳಚ್ಚು ಮಾಡುವಾಗ ಯೂನಿಕೋಡ್ ಕನ್ನಡದಲ್ಲೇ ಮಾಡಿ. ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಉಳಿಸಿದ ಕಡತಗಳನ್ನು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ, ಇಪ್ಪತ್ತು ವರ್ಷದ ಹಿಂದೆ ಬರೆದ ಎಷ್ಟೋ ಮನೆತನದ ಚರಿತ್ರೆಗಳು ಹೀಗೆ ಓದಲಾಗದೆ ಕುಳಿತಿವೆ. ಫೋಟೋಗಳ ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆಯದೆ ಮೃದುವಾದ ಪೆನ್ಸಿಲಿನಲ್ಲಿ, ಎಡದಿಂದ ಬಲಕ್ಕೆ ನಿಂತವರ ಹೆಸರು, ಊರು, ಅಂದಾಜು ವರ್ಷ ಬರೆಯಿರಿ. ಅಂಟುಟೇಪು ಹಾಕಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಅಟ್ಟದ ಟ್ರಂಕಿನೊಳಗಿನ ಫೋಟೋಗಳಿಗೆ ಬೂಷ್ಟು ಹಿಡಿಯುವುದು ಖಂಡಿತ. ಒಣ ಬಿಸಿಲಿನ ಫೆಬ್ರವರಿ, ಮಾರ್ಚ್‌ನಲ್ಲಿ ತೆಗೆದು, ನೆರಳಿನಲ್ಲಿ ಗಾಳಿಗಿಟ್ಟು, 600 ಡಿಪಿಐ ದರ್ಜೆಯಲ್ಲಿ ಸ್ಕ್ಯಾನ್ ಮಾಡಿಸಿ. ಒಂದು ಪ್ರತಿ ನಿಮ್ಮ ಬಳಿ, ಒಂದು ಬೇರೆ ಊರಿನ ಬಂಧುವಿನ ಬಳಿ ಇರಲಿ. ಒಂದನ್ನು ಕಾಗದದಲ್ಲಿ ಮುದ್ರಿಸಿ ಇಡಿ.

ಎಂಟನೆಯ ಹಂತ: ಓದಿ ಹೇಳುವುದು

ಬರೆದದ್ದನ್ನು ಬೇರೆ ಯಾರಿಗೂ ತೋರಿಸುವ ಮೊದಲು ಕಥೆಯಲ್ಲಿ ಬರುವ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಕಣ್ಣು ಮಂಜಾದವರಿಗೆ ಅಚ್ಚಿನ ಪ್ರತಿ ಕೊಟ್ಟು ಬರುವುದು ಸರಿಯಲ್ಲ. ಪಾಲಿನ ಜಗಳ, ಸಾಲ, ಮುರಿದ ಸಂಬಂಧಗಳ ಮಾತು ಬಂದಿದ್ದರೆ, ಸಂಬಂಧಪಟ್ಟವರು ಬೇಡ ಎಂದದ್ದನ್ನು ಹಂಚುವ ಪ್ರತಿಯಿಂದ ತೆಗೆಯಿರಿ. ನಿಮ್ಮ ನೋಟುಪುಸ್ತಕದಲ್ಲಿ ಅದು ಇರಲಿ. ಅವರು ಹೇಳುವ ತಿದ್ದುಪಡಿಗಳನ್ನು ಅಂಚಿನಲ್ಲಿ ಬರೆದು, ಪಕ್ಕದಲ್ಲಿ ದಿನಾಂಕ ಹಾಕಿ.

ನಾನು ಹಪ್ಪಳದ ದಿನವನ್ನು ಓದಿದ್ದು ಅತ್ತೆಯ ಮನೆಯ ಜಗುಲಿಯಲ್ಲಿ, ಮಳೆ ಬರುತ್ತಿದ್ದ ಒಂದು ಸಂಜೆ. ದೊಡ್ಡಮ್ಮನೂ ಇದ್ದರು. ಒನಕೆಯ ಭಾಗ ಬಂದಾಗ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಏನೂ ಹೇಳಲಿಲ್ಲ. ಮಳೆಗಾಲಕ್ಕೆ ಬಾಳೆನಾರಿನಲ್ಲಿ ಇಪ್ಪತ್ತೈದರ ಕಟ್ಟು ಕಟ್ಟಿ, ನಾಲ್ಕು ಹೆಣ್ಣುಮಕ್ಕಳ ಚೀಲಕ್ಕೂ ನಾಲ್ಕು ನಾಲ್ಕು ಕಟ್ಟು ಹಾಕಿ ಅಜ್ಜಿ ಕಳುಹಿಸಿದಳು ಎಂದು ಓದಿ ಮುಗಿಸಿದೆ. ಅತ್ತೆ, ‘ನಾಲ್ಕಲ್ಲ, ಐದು’ ಎಂದರು. ಹೆಣ್ಣುಮಕ್ಕಳು ನಾಲ್ವರೇ ಅಲ್ಲವೇ ಎಂದೆ. ‘ಐದನೇ ಚೀಲ ನಂದು. ನಿಮ್ಮನ್ನೆಲ್ಲ ಬಸ್ಸು ಹತ್ತಿಸಿ ಬಂದ ಮೇಲೆ ಕೊಡೋರು, ನನ್ನ ತವರಿಗೆ ಕಳಿಸು ಅಂತ.’ ಅದನ್ನು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದು, ದಿನಾಂಕ ಹಾಕಿ, ‘ಅತ್ತೆ ಹೇಳಿದ್ದು’ ಎಂದು ಸೇರಿಸಿದೆ.